ಸಯೀದಾ ನೆನೆಸಿದ ಕಳಲೆ

ಮಳೆ ಹಿಡಿದು ಬಿದಿರಿನ ಕಳಲೆ ಮೊಳೆಯಿತೆಂದರೆ ಕೊಪ್ಪದ ಮೂಕಾಂಬಿಕಾಗೆ ಒಳಗೊಳಗೇ ಪೇಚಾಟ ಶುರು. ಪಕ್ಕದ ಮನೆಯ ಸಯೀದಾ ತಪ್ಪದೆ ಕಳಲೆ ಕೊಡುತ್ತಾಳೆ. ಅಲ್ಲೇ ಹತ್ತಿರದ ನಾರ್ವೆ ಎಂಬ ಹಳ್ಳಿಯಲ್ಲಿರುವ ಅವಳ ಅಣ್ಣನ ಹಿತ್ತಲಲ್ಲಿ ಬಿದಿರುಮೆಳೆಯಿದೆ. ಬರೀ ತಂದುಕೊಟ್ಟಿದ್ದರೆ ರಗಳೆಯೇ ಇರಲಿಲ್ಲ. ಅವಳು ಸಿಪ್ಪೆ ಸುಲಿದು, ತೆಳ್ಳಗೆ ಹೆಚ್ಚಿ, ಕಹಿಯೂ ನಂಜೂ ಬಿಡುವಂತೆ ದಿನದಿನ ನೀರು ಬದಲಿಸಿ ನೆನೆಸಿ, ಇನ್ನು ಬೇಯಿಸಿ ಒಗ್ಗರಣೆ ಹಾಕುವುದೊಂದೇ ಬಾಕಿ ಎನ್ನುವಂತೆ ತರುತ್ತಾಳೆ.

ಮೂಕಾಂಬಿಕಾಳ ಮನೆಯ ಲೆಕ್ಕದಲ್ಲಿ ಹಸಿ ಕಳಲೆಗೆ ಮೈಲಿಗೆಯಿಲ್ಲ. ಯಾರ ಕೈಯಿಂದ ಬಂದರೂ ಸರಿ. ಆದರೆ ಒಂದು ಮನೆಯ ನೀರಲ್ಲಿ ನೆನೆದರೆ ಅದು ಆ ಮನೆಯ ಅಡುಗೆ. ಪೇಟೆಯ ಬೇಕರಿಯ ಪಫ್ಸಿನ ಹಿಟ್ಟನ್ನು ಯಾರ ನೀರಲ್ಲಿ ನಾದಿದರೆಂದು ಈ ಮಹಾತಾಯಿ ಒಂದು ದಿನವೂ ಕೇಳಿದವಳಲ್ಲ. ಕಳಲೆಯನ್ನು ಮಾತ್ರ ವರ್ಷವರ್ಷವೂ ಹಿತ್ತಲ ಚರಂಡಿಗೆ ಸುರಿದು, ಪಾತ್ರೆ ಮರಳಿಸುವಾಗ, "ಎಂಥಾ ರುಚಿ ಮಾರಾಯ್ತಿ! ನಮ್ಮನೆಯವರು ಎರಡೆರಡು ಸಲ ಹಾಕಿಸ್ಕೊಂಡ್ರು," ಎನ್ನುತ್ತಿದ್ದಳು.

ಈ ಸಲವೂ ಸುರಿದು, ಪಾತ್ರೆ ತೊಳೆದು ಕವುಚಿಟ್ಟು ತಿರುಗಿದರೆ ಬೇಲಿಯಾಚೆ ಸಯೀದಾ ನಿಂತಿದ್ದಳು.

"ಬೇಯ್ಸೋ ಮುಂಚೆ ಇನ್ನೊಂದ್ಸಲ ನೀರು ಬದಲಾಯ್ಸಿ ಅಂತ ಹೇಳೋಕೆ ಬಂದೆ ಅಕ್ಕ," ಎಂದವಳ ಕಣ್ಣು ಚರಂಡಿಯಲ್ಲಿ ಬಿಳಿಬಿಳಿಯಾಗಿ ಬಿದ್ದಿದ್ದ ಹೋಳುಗಳ ಮೇಲೆ ನಿಂತಿತು.

"ಕೈ ಜಾರ್ತು," ಎಂದಳು ಮೂಕಾಂಬಿಕಾ. ತೊಳೆದ ಪಾತ್ರೆ ಪಕ್ಕದಲ್ಲೇ ಇತ್ತು. ತಾನಾಡಿದ ಸುಳ್ಳು ತನಗೇ ಅಸಹ್ಯವೆನಿಸಿ ತಲೆ ತಗ್ಗಿಸಿದಳು.

ಸಯೀದಾ ಜಗಳವಾಡಲಿಲ್ಲ. "ನಮ್ಮನೆ ನೀರು ಆಗಲ್ಲ ಅಂತ ಮೊದ್ಲೇ ಹೇಳಿದ್ರೆ ಹಸೀದೇ ತಂದ್ಕೊಡ್ತಿದ್ನಲ್ಲ ಅಕ್ಕ," ಎಂದಳು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಮೂಕಾಂಬಿಕಾಗೆ ನಾಚಿಕೆಯಿಂದ ಕಿವಿ ಸುಟ್ಟಂತಾಯಿತು. ಇಷ್ಟು ವರ್ಷದ ಒಡನಾಟ ಇವತ್ತಿಗೆ ಮುಗಿಯಿತೇನೋ ಎಂದು ಹೆದರಿ ಬೇಲಿಯ ಹತ್ತಿರ ಓಡಿದಳು.

"ತಪ್ಪಾಯ್ತು ಮಾರಾಯ್ತಿ, ದೊಡ್ಡ ತಪ್ಪಾಯ್ತು. ನಿಮ್ಮನೇಲಿ ಮಾಡಿದ ಪಲ್ಯ ಒಂದು ಚೂರು ಕೊಡು. ನಿನ್ನೆದುರಿಗೇ ಕೂತು ತಿಂತೀನಿ."

"ನಮ್ಮನೇಲಿ ಈ ಸಲ ಮಾಡೇ ಇಲ್ಲ ಅಕ್ಕ," ಎಂದಳು ಸಯೀದಾ. "ಮೆಳೇಲಿ ಸಿಕ್ಕಿದ್ದೇ ಒಂದು. ಮಕ್ಕಳು ಬೇಕು ಅಂತ ಹಟ ಮಾಡಿದ್ರು. ಅಕ್ಕನ ಮನೇಲಿ ಅಷ್ಟು ಆಸೆಪಟ್ಟು ತಿಂತಾರೆ, ನಿಮಗೆ ಮುಂದಿನ ವರ್ಷ ಅಂತ ಸುಮ್ನಿರ್ಸಿದೆ."