ಶರಣವ್ವನ ಕಣ್ಣು

ಭಾಲ್ಕಿಯೊಳಗ ಫೋಟೋ ಹಾವಗೆಪ್ಪ ಅಂದ್ರ ಹಳೇ ಮಂದಿಗೆಲ್ಲಾ ಗೊತ್ತರಿ. ನಮ್ಮ ಮನಿಯವರು. ಮದಿವಿ, ಜವಳ ಎಲ್ಲಾ ತೆಗೀತಿದ್ರು, ಆದ್ರ ಹೆಸರಾದದ್ದು ಸತ್ತವರ ಫೋಟೋಕ್ಕ. ನಮ್ಮಲ್ಲಿ ಹಿರ್ಯಾರು ಲಿಂಗೈಕ್ಯ ಆದ್ರ ಗ್ವಾಡಿಗೆ ಆನಿಸಿ ಕೂಡ್ರಸ್ತಾರ, ವಿಭೂತಿ ಹಚ್ಚಿ ಹಾರ ಹಾಕಿ, ಮನಿ ಮಂದಿ ಸುತ್ತ ನಿಂತು ಕಡೀ ಫೋಟೋ ತೆಗಸ್ತಾರ. ಇವರು ಆ ಫೋಟೋದಾಗ ಮುಚ್ಚಿದ ರೆಪ್ಪಿ ಮ್ಯಾಲ ಸಣ್ಣ ಬ್ರಶ್ಶಿಲೆ ತೆರದ ಕಣ್ಣು ಬರೀತಿದ್ರು. ಕರಿ ಗುಡ್ಡಿ, ಅದರೊಳಗ ಒಂದು ಬಿಳಿ ಚುಕ್ಕಿ. ನಮ್ಮ ಮಾವನವರ ಫೋಟೋನೂ ಹಂಗೇ ಮಾಡಿ ನಡಮನ್ಯಾಗ ಹಾಕ್ಯಾರ. ನನಗ ಆ ಕೆಲಸ ಸೇರ್ತಿರಲಿಲ್ಲ. ಕ್ಯಾಮರಾ ಒಳಗ ತರಬ್ಯಾಡ್ರಿ ಅಂತ ಜಗಳ ತೆಗೀತಿದ್ದೆ.

ಮಂದಿ ಕೈಗೆ ಮೊಬೈಲ್ ಬಂತು, ಸ್ಟುಡಿಯೋ ಮುಚ್ಚಿತು. ಇವರು ಕ್ಯಾಮರಾ ತಗೊಂಡು ಹಿತ್ತಲದಾಗ ಕುಂತ್ರು. "ಇನ್ನ ಮ್ಯಾಲ ಜೀವ ಇದ್ದದ್ದೇ ತೆಗೀತೇನಿ ಕಸ್ತೂರಿ" ಅಂದ್ರು. ಹುಳದ ಫೋಟೋ ಯಾರ ಗ್ವಾಡಿಗೆ ಹಾಕ್ತೀರಿ ಅಂತ ನಾ ನಕ್ಕೆ. ಆದ್ರ ಇವರ ಕಣ್ಣಿಗೆ ಹುಳ ಕಾಣಸೂದಿಲ್ಲರಿ, ನನಗ ಅಡಗಿಮನಿ ಕಟ್ಟಿ ಮ್ಯಾಲಿಂದನೇ ಕಾಣಸ್ತಾವ. ನಾ ಹುಡುಕೂದು, ಇವರು ತೆಗೆಯೂದು. ಎಲಿ ಕೆಳಗ ಬಗ್ಗಿ ಕುಂತ್ರ ಛಾ ಆರಿ ಹೋದದ್ದು ಇಬ್ಬರಿಗೂ ಖಬರ ಇರ್ತಿರಲಿಲ್ಲ. ಇಷ್ಟು ವರ್ಷದ ಸಂಸಾರದಾಗ ನಾವಿಬ್ಬರೂ ಕೂಡಿ ಮಾಡಿದ ಕೆಲಸ ಅದೊಂದೇ.

ಹೋದ ಮಳಿಗಾಲದಾಗ ಕರಿಬೇವಿನ ಗಿಡದಾಗ ಒಂದು ಹಸಿರು ಹುಳ ಬಂತು, ಮುಂದಿನ ಕಾಲು ಕೈ ಮುಗದಂಗ ಮಾಡಿ ನಿಂದರೂದು. ನಾ ಶರಣವ್ವ ಅಂತ ಹೆಸರಿಟ್ಟೆ. ದಿನಾ ಮುಂಜಾನೆ "ಶರಣರಿ" ಅಂದ್ರ ಹೊಳ್ಳಿ ನೋಡೂದು. ಅದರ ಕಣ್ಣಾಗ ಒಂದು ಕರಿ ಚುಕ್ಕಿ, ನಾವು ಯಾವ ಕಡಿಗೆ ಸರದ್ರೂ ನಮ್ಮ ಕಡಿಗೇ ಬರ್ತದ. ಟೊಂಗಿಗೆ ನೊರಿ ಹಚ್ಚಿ ತತ್ತಿನೂ ಇಟ್ಟಿತು. ಆದ್ರ ಕ್ಯಾಮರಾ ಹತ್ರ ತಂದ್ರ ಸಾಕು, ಅಲುಗಾಡೂದು. ಇವರು ಕೈ ಹೊಸಕೊಂತ ಕೂಡೋರು.

ಒಂದು ದಿನ ನಾ ಹಲಬರ್ಗಾಕ್ಕ ತಂಗಿ ಮನಿಗೆ ಹೋಗಿ ಬರೂದ್ರಾಗ ಶರಣವ್ವ ಇರಲಿಲ್ಲ. "ಹಾರಿ ಹೋಗಿರಬೇಕು" ಅಂದ್ರು. ಆಮ್ಯಾಲ ದಿನಾ ಎಲಿ ಎಲಿ ಸರಿಸಿ ಹುಡುಕಿದೆ. ಇವರು ಮಾರಿ ಆ ಕಡಿ ಮಾಡಿ ಕೂಡ್ತಿದ್ರು.

ದೀಪಾವಳಿ ಮುಂದ ಬೀದರದಾಗ ಫೋಟೋ ಪ್ರದರ್ಶನ ಇತ್ತು. ಇವರದೂ ಒಂದು ಹಾಕ್ಯಾರ ಅಂತ ನಾ ಇಳಕಲ್ ಸೀರಿ ಉಟಗೊಂಡು ಹೋದೆ. ನೋಡಿದ್ರ ನನ್ನ ಶರಣವ್ವ, ಗ್ವಾಡಿ ಮ್ಯಾಲ ಇಷ್ಟು ದೊಡ್ಡದು. ಮಂದಿ ಮುಕರಿಬಿಟ್ಟಿದ್ರು. ಇವರ ಹಳೇ ದೋಸ್ತ ಮಲ್ಲಿಕಾರ್ಜುನಪ್ಪ, "ಜೀವಂತ ಕುಂತಂಗ ಅದ ನೋಡ್ರಿ ವೈನಿ" ಅಂದ. ನಾ ಹತ್ರ ಹೋದೆ. ಕಣ್ಣಾಗ ಕರಿ ಗುಡ್ಡಿ, ಅದರೊಳಗ ಬಿಳಿ ಚುಕ್ಕಿ. ನಮ್ಮ ಮಾವನವರ ಕಣ್ಣರಿ ಅವು. ಎಡಕ್ಕ ಸರದೆ, ಬಲಕ್ಕ ಸರದೆ, ಅವು ಸರೀಲಿಲ್ಲ.

ನನ್ನ ನಾಲಿಗಿಗೆ ಲಗಾಮಿಲ್ಲ. "ಇದು ಸತ್ತದ್ದು" ಅಂದೆ, ಅಷ್ಟೂ ಮಂದಿ ಮುಂದ. "ಹೆಣ ಕೂಡ್ರಿಸಿ ಕಣ್ಣು ಬರದಾರ ಇವರು."

ಇವರು ಫೋಟೋ ಇಳಿಸಿ ಬಗಲಾಗ ಇಟಗೊಂಡ್ರು. ಬಸ್ಸಿನಾಗ ಅರ್ಧ ದಾರಿ ಬಂದ ಮ್ಯಾಲ ಹೇಳಿದ್ರು. ತಂಪು ಹತ್ತಿದ್ರ ಹುಳ ಜರಾ ಹೊತ್ತು ಅಲುಗಾಡೂದಿಲ್ಲ ಅಂತ ಯಾರೋ ಅಂದಿದ್ರಂತ. ಡಬ್ಬಿಯೊಳಗ ಹಾಕಿ ಫ್ರಿಜ್ಜಿನ ಬರ್ಫದ ಖಾನ್ಯಾಗ ಇಟ್ಟಾರ. ಅಷ್ಟರಾಗ ಊರಾಗ ಯಾರೋ ತೀರಿಕೊಂಡು, ಕಡೀ ಫೋಟೋಕ್ಕ ಇವರೇ ಬೇಕು ಅಂತ ಕರಕೊಂಡು ಹೋಗ್ಯಾರ. ಹೊಳ್ಳಿ ಬಂದು ಡಬ್ಬಿ ತೆಗದ್ರ ಸೆಟದು ಹೋಗಿತ್ತು. "ನೀ ಅಳ್ತೀ ಅಂತ ಹೇಳಲಿಲ್ಲ" ಅಂದ್ರು. ಕಿಟಕಿ ಕಡಿಗೆ ತಿರುಗಿ ಅತ್ತರು. ನಾ ಸಿಟ್ಟಿನ್ಯಾಗ ಇವರ ಕೈ ಸುದ್ದಾ ಹಿಡೀಲಿಲ್ಲ.

ಮಾತು ಆಡಿದ್ರ ಹೋಯ್ತು, ಮುತ್ತು ಒಡದ್ರ ಹೋಯ್ತು. ಆ ಮಾತು ನಾ ಮನಿಗೆ ಬಂದು ಆಡಿದ್ರ ಆಗ್ತಿರಲಿಲ್ಲೇನು? ಇವರು ಕ್ಯಾಮರಾ ಅಲಮಾರ್ಯಾಗ ಇಟ್ಟು ಬೀಗ ಹಾಕಿದ್ರು. ಹಿತ್ತಲಕ್ಕ ಬರೂದು ಬಿಟ್ರು. ನನಗ ದಿನಾ ಹುಳ ಕಾಣಸ್ತಾವ, ಕರಿಯಾಕ ಬಾಯಿ ತೆರೀತೇನಿ, ಮತ್ತ ಮುಚ್ಚತೇನಿ.

ನಿನ್ನೆ ಮುಂಜಾನೆ ಕರಿಬೇವಿನ ಟೊಂಗಿ ಮ್ಯಾಲಿನ ಆ ತತ್ತಿ ಗೂಡು ಒಡೀತು. ಎಳ್ಳಿನಷ್ಟು ಸಣ್ಣ ಮರಿ, ಒಂದರ ಹಿಂದ ಒಂದು ಇಳೀಲಿಕತ್ತಿದ್ವು. ಹೊರಗ ಬಂದದ್ದೇ ತಡ ಕೈ ಮುಗೀತಾವರಿ! ನಾ ತಡೀಲಾರದ ಒಳಗ ಓಡಿದೆ. "ಏನ್ರಿ, ಶರಣವ್ವನ ಮಕ್ಕಳು ಬಂದಾವ. ಕ್ಯಾಮರಾ ತಗೊಂಡು ಲಗು ಬರ್ರಿ" ಅಂದೆ.

ಬಂದ್ರು, ಬರಿಗೈಲೆ. ಬಗ್ಗಿ ನೋಡಿದ್ರು. ಇವರಿಗೆ ಕಾಣಸಲಿಲ್ಲ ಅಂತ ನಾ ಬಟ್ಟು ಮಾಡಿ ತೋರಿಸಿದೆ.

"ತೆಗೀರಿ, ಹೋಗಿಬಿಡ್ತಾವ" ಅಂದೆ.

"ನಾ ತೆಗದ್ರ, ಅವು ಜೀವಂತ ಇದ್ವು ಅಂತ ನೀ ನಂಬತೀಯೇನು ಕಸ್ತೂರಿ?"

ಹೂಂ ಅನ್ನಬೇಕಿತ್ತು. ಎಲ್ಲಾದಕ್ಕೂ ಮುಂದ ಓಡೋ ನಾಲಿಗಿ ಆಗ ಏಳಲಿಲ್ಲ. ನಾವು ನಿಂತಂಗೇ ಮರಿಗಳು ಎಲಿ ಮ್ಯಾಲಿಂದ ಎಲಿಗೆ ಜಿಗದು, ಗಿಡದಾಗ ಎಲ್ಲೆಲ್ಲೋ ಸೇರಿಕೊಂಡ್ವು.