ಸಡಿಲಿಸದ ತಂತಿಗಳು

"ಕೈ ತೆಗಿ!"

ವರ್ಲೀನ್ ಅಡುಗೆಮನೆಯಿಂದ ನುಗ್ಗಿ ಬಂದ ರಭಸಕ್ಕೆ ಕ್ಲೀಟಸ್ ಗಿಟಾರಿನತ್ತ ಚಾಚಿದ್ದ ಕೈಯನ್ನು ಕೋಟಿನ ಜೇಬಿಗೆ ತುರುಕಿಕೊಂಡ.

"ಧೂಳು ಒರೆಸೋಣ ಅಂತಿದ್ದೆ, ಅತ್ತಿಗೆ."

"ನನ್ನ ಮದುವೆ ದಿನದಿಂದ ನೀನು ಒರೆಸೋಕೆ ಕಾಯ್ತಿರೋ ಧೂಳು ಯಾವುದು ಅಂತ ನಂಗೊತ್ತಿಲ್ವಾ?"

ಜಗಲಿಯಲ್ಲಿ ಕೂತವರು ನಕ್ಕು, ಒಳಗೆ ಹೆಣವಿದೆಯೆಂದು ನೆನಪಾಗಿ ಸುಮ್ಮನಾದರು. ಮುಂದಿನ ಕೋಣೆಯಲ್ಲಿ ಅವಳ ಗಂಡ ಓಥಾ ಕಪ್ಪು ಕನ್ನಡಕ ಹಾಕಿಕೊಂಡೇ ಪೆಟ್ಟಿಗೆಯಲ್ಲಿ ಮಲಗಿದ್ದ. ಇನ್ನು ಸ್ವಲ್ಪ ಹೊತ್ತಿಗೆ ಚರ್ಚಿಗೆ ಒಯ್ಯಬೇಕು. ಜಗಲಿಯಲ್ಲಿ ಅವನು ಪ್ರಾಣ ಬಿಟ್ಟ ಕುರ್ಚಿಗೆ ಗಿಟಾರು ಹಾಗೇ ಒರಗಿತ್ತು, ಆರೂ ತಂತಿ ಬಿಗಿಯಾಗಿದ್ದವು. ತಂತಿ ಬಿಗಿದಿರುವಾಗ ಆ ಗಿಟಾರನ್ನು ಊರಿನವರು ಯಾರೂ ಅವನ ಕೈಯ ಹೊರಗೆ ಕಂಡವರಲ್ಲ.

"ಒಂದು ಗಳಿಗೆ ಕೂತ್ಕೊಳ್ಳೇ," ಎಂದಳು ನಾದಿನಿ ಪರ್ಲೀ. "ಅವನು ಹೋದಾಗಿಂದ ಬಾಲ ಸುಟ್ಟ ಬೆಕ್ಕಿನ ಹಾಗೆ ಸುತ್ತುತಿದ್ದೀಯ. ಒಂದು ತುತ್ತು ತಿಂದಿಲ್ಲ."

"ಆಗಲ್ಲ ಕಣೇ, ಕೂತ್ರೆ ಆಗಲ್ಲ." ವರ್ಲೀನ್ ಆಗಲೇ ಒಳಗೆ ಹೋಗಿದ್ದಳು. ಒರೆಸಿದ್ದ ಮೇಜನ್ನೇ ಮತ್ತೆ ಒರೆಸಿದಳು.

*

ಮಿಸಿಸಿಪ್ಪಿಯ ಹತ್ತಿ ಗಿರಣಿಗಳ ಹಿಂದಿನ ಸಾರಾಯಿ ಮನೆಗಳಲ್ಲಿ, ರೈಲು ನಿಲ್ದಾಣಗಳ ಮುಂದೆ, ಶನಿವಾರದ ಸಂತೆಯ ಮೂಲೆಗಳಲ್ಲಿ ಕಣ್ಣಿಲ್ಲದ ಓಥಾ ಬ್ಲೂಸ್ ಹಾಡು ಹಾಡುತ್ತಿದ್ದ. ಹರೆಯದಲ್ಲಿ ಯಾವನೋ ಎದುರಿಗೇ ಕೂತು ಅವನ ಬೆರಳು ನೋಡಿ ಹಾಡು ಕಲಿತ, ಮೆಂಫಿಸ್‌ಗೆ ಹೋಗಿ ರೆಕಾರ್ಡು ಮಾಡಿಸಿದ. ಮುಂದಿನ ಊರಿನಲ್ಲಿ ಅದೇ ಹಾಡು ಹಾಡಿದರೆ ಜನ ಓಥಾನನ್ನೇ ಕಳ್ಳ ಎಂದರು.

"ಕಣ್ಣಿರೋರು ಬೆರಳು ಕಾಣದ ಹಾಗೆ ಗೋಡೆ ಕಡೆ ತಿರುಗಿ ನುಡಿಸ್ತಾರೆ," ಎಂದಿದ್ದ ಅವನು ವರ್ಲೀನ್‌ಗೆ. "ನಾನು ಯಾವ ಕಡೆ ತಿರುಗ್ಲಿ?"

ತನ್ನದೇ ಒಂದು ಶ್ರುತಿ ಕಟ್ಟಿಕೊಂಡ. ಅವನು ಒತ್ತಿದ ಸ್ವರ ಯಾವುದು, ಹಾಗೇ ಬಿಟ್ಟ ತಂತಿ ಯಾವುದು ಎಂದು ಜೊತೆಯಲ್ಲೇ ನುಡಿಸುತ್ತಿದ್ದ ಕ್ಲೀಟಸ್‌ಗೂ ಹತ್ತಲಿಲ್ಲ. ಹಾಡು ಮುಗಿದ ಕೂಡಲೇ ಆ ಶ್ರುತಿ ಯಾರಿಗೂ ಸಿಗದಂತೆ ಓಥಾ ಬಿರಡೆ ತಿರುಗಿಸಿ ಆರೂ ತಂತಿ ಸಡಿಲಿಸಿಬಿಡುತ್ತಿದ್ದ. ಹಾಡು ಹಿಡಿಯುವ ಯಂತ್ರ ತಂದಿದ್ದ ಬಿಳಿಯ, ಊಟ ಮಾಡಿ ಬರೋವರೆಗೆ ಹಾಗೇ ಇರಲಿ ಅಂದಾಗಲೂ ಸಡಿಲಿಸಿದ್ದ. ತನ್ನ ಮನೆಯ ಜಗಲಿಯಲ್ಲೂ ಅಷ್ಟೇ. ಡೊಂಯ್, ಡೊಂಯ್ ಎಂದು ಒಂದೊಂದೇ ತಂತಿ ಇಳಿಯುವ ಸದ್ದು ಕೇಳಿದರೆ ವರ್ಲೀನ್ ತಟ್ಟೆಗೆ ಬಡಿಸುತ್ತಿದ್ದಳು.

ಆ ಸಂಜೆ ಸದ್ದು ಬರಲಿಲ್ಲ. ಬೀನ್ಸ್ ತಿರುವುತ್ತ ಕಾದಳು. "ಇನ್ನೂ ಮುಗೀಲಿಲ್ವಾ ನಿಂದು?" ಎಂದು ಒಳಗಿಂದಲೇ ರೇಗಿದಳು. ಜೋಳದ ರೊಟ್ಟಿ ಆರಿದ ಮೇಲೆ ಬೈಯುತ್ತಲೇ ಹೊರಗೆ ಬಂದಳು. ಅವನ ಅಂಗೈ ತಂತಿಗಳ ಮೇಲೆ ಚಪ್ಪಟೆಯಾಗಿ ಬಿದ್ದಿತ್ತು.

*

ಮಣ್ಣು ಮಾಡಿ ಬಂದವರು ಹುರಿದ ಕೋಳಿಯ ತಟ್ಟೆ ಹಿಡಿದು ಜಗಲಿಯ ತುಂಬ ಕೂತರು. ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ಕ್ಲೀಟಸ್ ಮಾತ್ರ ಗಿಟಾರಿನ ಪಕ್ಕ ನಿಂತೇ ಇದ್ದ.

"ಬೆಳಿಗ್ಗೆ ನೀನು ಉಡುಪು ಬದಲಾಯಿಸೋಕೆ ಹೋದಾಗ ನಾನೊಬ್ಬನೇ ಇದ್ದೆ ಇಲ್ಲಿ," ಎಂದ. "ಒಂದೇ ಸಲ ಬೆರಳೆಳೆದಿದ್ರೆ ಸಾಕಿತ್ತು, ಅವನ ಶ್ರುತಿ ಸಿಕ್ಕಿಬಿಡ್ತಿತ್ತು ನಂಗೆ."

"ಮತ್ತೆ ಎಳೀಬೇಕಿತ್ತು. ಯಾರು ಬೇಡ ಅಂದ್ರು?"

"ಅವನಾಗೇ ನಂಗೆ ಬಿಟ್ಟು ಹೋಗಿದ್ದಲ್ವಲ್ಲ ಅತ್ತಿಗೆ. ಸಡಿಲಿಸೋಕಾಗದೆ ಹೋದ."

ವರ್ಲೀನ್ ಕೈಲಿದ್ದ ಬಟ್ಟೆಯನ್ನು ಹಿಂಡಿ ಹಿಂಡಿ ಮುದ್ದೆ ಮಾಡಿದಳು. ಆಮೇಲೆ ಅದನ್ನು ಕಂಬಿಯ ಮೇಲೆ ಹಾಕಿ, ಓಥಾನ ಕುರ್ಚಿಯಲ್ಲಿ ಕೂತು ಗಿಟಾರನ್ನು ತೊಡೆಯ ಮೇಲೆಳೆದುಕೊಂಡಳು.

"ಕೇಳಿಸ್ಕೊ ಹಾಗಾದ್ರೆ. ಇದೊಂದೇ ಸಲ."

ಕ್ಲೀಟಸ್ ಅವಳ ಮುಖ ನೋಡಿದ, ಗಿಟಾರು ನೋಡಿದ. ರಸ್ತೆಯ ಕಡೆ ತಿರುಗಿ ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಂಡ.

ವರ್ಲೀನ್ ಹೆಬ್ಬೆರಳನ್ನು ಆರೂ ತಂತಿಯ ಮೇಲೆ ಎಳೆದಳು. ಜಗಲಿಯಲ್ಲಿ ಅಗಿಯುತ್ತಿದ್ದ ಬಾಯಿಗಳು ನಿಂತವು. ಪರ್ಲೀ ತಟ್ಟೆ ಕೆಳಗಿಟ್ಟಳು. ದನಿ ಆರುವವರೆಗೆ ಕಾದು, ವರ್ಲೀನ್ ದಪ್ಪ ತಂತಿಯ ಬಿರಡೆ ತಡಕಿ ತಿರುಗಿಸಿದಳು. ಡೊಂಯ್. ಆಮೇಲೆ ಅದರ ಪಕ್ಕದ್ದು. ಒಂದೊಂದಾಗಿ ಕೊನೆಯದನ್ನೂ ಇಳಿಸಿದಳು.

ಆಗ ಅವಳ ಮೂಗಿಗೆ ಒಲೆಯ ಮೇಲಿದ್ದ ಬೀನ್ಸಿನ ವಾಸನೆ ಬಡಿಯಿತು. ಎದ್ದು ಒಳಗೆ ಹೋಗಿ ಒಂದು ತಟ್ಟೆ ಬಡಿಸಿ ತಂದಳು.

"ಕೈ ತೆಗಿ, ಕ್ಲೀಟಸ್. ಊಟ ಆರುತ್ತೆ."

ಅವನಿಗೆ ಕೇಳಿಸಲಿಲ್ಲ. ಬಿಸಿಲು ಹೊಡೆಯುವ ರಸ್ತೆಗೆ ಮುಖ ಮಾಡಿ ಕಿವಿಗಳನ್ನು ಅದುಮಿಕೊಂಡೇ ನಿಂತಿದ್ದ. ಸಾಲದೆಂದು ಕಣ್ಣುಗಳನ್ನೂ ಬಿಗಿಯಾಗಿ ಮುಚ್ಚಿಕೊಂಡಿದ್ದ.