ಮಜ್ಜಿಗೆ ಕೈ

ಮೂಗು ತುರಿಸಿತೆಂದು ಕೈ ಎತ್ತಿದಾಗಲೇ ಪ್ರೇಮವ್ವನ ಎದೆ ಧಸಕ್ಕೆಂದದ್ದು. ಬೆರಳುಗಳಲ್ಲಿ ಮೆಣಸಿನಕಾಯಿ ಘಾಟು ಹಾಗೇ ಇತ್ತು. ಮಗಳ ರೈಲು ತಪ್ಪೀತೆಂದು ಬ್ಯಾಡಗಿ ಮೆಣಸಿನಕಾಯಿ ಒಣಗಿಸುವ ಕಣದಿಂದ ಎದ್ದು ನಿಲ್ದಾಣಕ್ಕೆ ಓಡಿಬಂದಿದ್ದಳು. ತೊಟ್ಟು ಬಿಡಿಸುವ ಹೆಂಗಸರೆಲ್ಲ ದಿನಾ ಸಂಜೆ ಮಜ್ಜಿಗೆಯಲ್ಲಿ ಕೈ ತಿಕ್ಕಿಕೊಂಡೇ ಮನೆಗೆ ಹೊರಡುವುದು. ಇವತ್ತೇ ಅದು ಮರೆತುಹೋಗಿತ್ತು.

ಬ್ಯಾಡಗಿ ಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ ಎನ್ನುತ್ತಾರೆ. ಹಾಗೆನ್ನುವವರು ಯಾರೂ ದಿನವಿಡೀ ಕುಳಿತು ತೊಟ್ಟು ಬಿಡಿಸಿದವರಲ್ಲ.

ಅವಳೂರಿನ ನಿಲ್ದಾಣವೆಂದರೆ ಒಂದು ಬೇವಿನ ಮರ, ಒಂದು ಕಲ್ಲುಬೆಂಚು, ಟಿಕೆಟ್ ಕೊಡುವ ಚಮನಸಾಬನ ಕೋಣೆ. ಪ್ಯಾಸೆಂಜರ್ ಗಾಡಿ ನಿಂತಿತೋ ಇಲ್ಲವೋ ಎಂಬಂತೆ ನಿಂತು ಹೊರಡುತ್ತದೆ. ಅಷ್ಟರಲ್ಲೇ ಅವಳು ಮೊಮ್ಮಗಳನ್ನು ಎತ್ತಿಕೊಳ್ಳಬೇಕಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕಿತ್ತು. ದಿನ ತುಂಬುವ ಮೊದಲೇ ನೋವು ಬಂದು ಮಗಳು ಶೈಲಾ ಹುಬ್ಬಳ್ಳಿಯ ಆಸ್ಪತ್ರೆ ಸೇರಿದ್ದಳು. ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು, ಅಜ್ಜಿ ದೂರದಿಂದ ನೋಡಿದ್ದಷ್ಟೇ. ಈಗ ಬೀಗತಿ, ತಾಯಿ ಮಗು ಇಬ್ಬರನ್ನೂ ತಮ್ಮೂರು ಹರಿಹರಕ್ಕೆ ಕರೆದೊಯ್ಯುತ್ತಿದ್ದಳು.

ಪ್ರೇಮವ್ವ ಸೆರಗಿಗೆ ಕೈ ಉಜ್ಜುತ್ತಲೇ ಇದ್ದುದನ್ನು ಕಂಡು ಚಮನಸಾಬ ಹೊರಗೆ ಬಂದ. ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವನ ಹೆಂಡತಿ ಬಿಬಿಜಾನ್ ಕೂಡ ಅದೇ ಕಣದವಳು. ಒಳಗೆ ಹೋಗಿ ಬುತ್ತಿಯ ಜೊತೆಗಿದ್ದ ಮಜ್ಜಿಗೆ ಡಬ್ಬಿ ತಂದ.

"ಹಿಡೀರಿ ಕೈ."

"ನಿಮ್ಮ ಊಟಕ್ಕ?"

"ಪಲ್ಯ ಐತಿ, ನಡೀತೈತಿ. ಉಗುರಿನ ಸಂದ್ಯಾಗ ಛಲೋ ತಿಕ್ರಿ."

ಡಬ್ಬಿ ಬರಿದಾಗುವ ಹೊತ್ತಿಗೆ ಗಾಡಿ ಬಂದೇಬಿಟ್ಟಿತು. ಬಾಗಿಲಲ್ಲಿದ್ದ ಶೈಲಾ ಬಗ್ಗಿ ಕೂಸನ್ನು ಅವ್ವನ ಕೈಗೆ ಕೊಟ್ಟಳು. ಒಂದು ಮೊರ ಜೋಳದಷ್ಟೂ ಭಾರವಿರಲಿಲ್ಲ. ಪ್ರೇಮವ್ವ ಮುಖ ನೋಡುತ್ತಿರುವಾಗಲೇ ಕೂಸು ಅವಳ ಬೆರಳು ಹಿಡಿದು ಬಾಯಿಗೆ ಎಳೆದುಕೊಂಡಿತು. ಅವಳ ಜೀವ ಬಾಯಿಗೆ ಬಂತು.

ಕೂಸು ಚೀಪಿತು. ತುಟಿ ಚಪ್ಪರಿಸಿತು. ಅಳಲಿಲ್ಲ.

"ಯವ್ವಾ, ಯಾಕ ಹಂಗ ನಿಂತಿ?" ಎಂದಳು ಶೈಲಾ.

"ಏನಿಲ್ಲವ್ವಾ. ಹುಳಿ ರುಚಿ ನೋಡಾಕತ್ತೈತಿ ನಿನ್ನ ಮಗಳು."

ಅತ್ತ ಚಮನಸಾಬ ಗಾರ್ಡಿನ ಮುಂದೆ ನಿಂತು ತನ್ನ ಮೊಣಕಾಲು ನೋವಿನ ಪುರಾಣವನ್ನೆಲ್ಲ ಬಿಚ್ಚಿದ್ದ. ಆ ಪುಣ್ಯಾತ್ಮನೂ ನಗುತ್ತ ಕೇಳಿಸಿಕೊಂಡು, ಎಂದಿಗಿಂತ ತಡವಾಗಿ ಸೀಟಿ ಊದಿದ. ಪ್ರೇಮವ್ವ ಕೂಸನ್ನು ಮಗಳ ಕೈಗೆ ಮರಳಿಸಿದಳು.

ಗಾಡಿ ರಾಣೆಬೆನ್ನೂರಿನ ದಿಕ್ಕಿಗೆ ಸಣ್ಣದಾಗುತ್ತ ಹೋಯಿತು. ಚಮನಸಾಬ ಬೆಂಚಿನ ಮೇಲೆ ಕುಳಿತು ಖಡಕ್ ರೊಟ್ಟಿ ಮುರಿಯತೊಡಗಿದ. ಪ್ರೇಮವ್ವ ಅವನ ಹತ್ತಿರ ಬಂದಳು.

"ನಿಮ್ಮ ಹೊಟ್ಟಿ ತಣ್ಣಗಿರಲಿ, ಸಾಬ್ರ."

ಅವನು ತಲೆಯಾಡಿಸಿ ನೀರಿನ ತಂಬಿಗೆ ಎತ್ತಿದ. ಅವಳು ಬೇವಿನ ಮರದ ಕಡೆ ತಿರುಗಿ, ಬರಿಗೈಯಿಂದಲೇ ಕಣ್ಣೊರೆಸಿಕೊಂಡಳು.